ತಾಂಜಾನಿಯಾದ ಸರ್ಕಾರಿ ಟಿವಿ ಐದು ವರ್ಷ ನೋಡೀನಿ, 5ಕ್ಕ 3 ಕೊಡ್ತೀನಿ

ನಮ್ದು ಕೊಪ್ಪಳ ತಾಲೂಕ್ರಿ, ನಾ ಮೈನ್ಸ್ ಮಷಿನ್ ಮೆಕ್ಯಾನಿಕ್. 2011ರಾಗ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿ ಬಂದ್ ಮಾಡಿಸ್ದಾಗ ನಮ್ಮಂಥವ್ರು ಎಷ್ಟೋ ಮಂದಿ ಖಾಲಿ ಕುಂತ್ವಿ, ಆಮ್ಯಾಲ ಯಾರ್ಯಾರ್ದೋ ಕೈಕಾಲು ಹಿಡ್ದು 2013ಕ್ಕ ನಾ ತಾಂಜಾನಿಯಾದ ಮ್ವಾಂಜಾ ಕಡೆ ಬಂಗಾರದ ಗಣಿಗೆ ಹೋದೆ. ರೂಮಿಗೆ ನಾಕು ಮಂದಿ, ಒಂದು ಟಿವಿ. ಜಾಸ್ತಿ ಓಡಿದ್ದು ಟಿಬಿಸಿ ಒನ್, ಅಲ್ಲಿ ಸರ್ಕಾರಿ ಚಾನೆಲ್, ನಮ್ಮ ಚಂದನ ಇದ್ದಂಗ ಅನ್ರಿ. ಈಗೂ ಒಮ್ಮೊಮ್ಮೆ ಯೂಟ್ಯೂಬ್‌ನ್ಯಾಗ ಹಾಕಿ ಕುಂದುರ್ತೀನಿ, ನಮ್ಮನಿಯಾಕಿ "ಇನ್ನಾ ಹೋಗಿಲ್ಲೇನ್ ಆ ಹುಚ್ಚು" ಅಂತಾಳ.

ಮೊದ್ಲು ಡಬ್ಬಿ ಕಥಿ ಹೇಳ್ತೀನಿ. ಅಲ್ಲಿ ಸೆಟ್‌ಟಾಪ್ ಬಾಕ್ಸಿಗೆ ಕಿಂಗಮೂಜಿ ಅಂತಾರ. 2012 ಡಿಸೆಂಬರ್ 31ಕ್ಕ ದಾರ್ ಎಸ್ ಸಲಾಮ್‌ನಾಗ ಹಳೇ ಅನಲಾಗ್ ಸಿಗ್ನಲ್ ಬಂದ್ ಮಾಡಿದ್ರು, ಆಮ್ಯಾಲ ಒಂದೊಂದೇ ಊರು, ಆಫ್ರಿಕಾದಾಗ ಈ ಕೆಲ್ಸ ಮೊದಮೊದ್ಲು ಮಾಡಿದ ದೇಶದಾಗ ಅದೂ ಒಂದು. ಹಂಗಾಗಿ ಡಬ್ಬಿ ಇಲ್ದಿದ್ರ ಟಿವಿ ಬರೀ ಕಪಾಟು. ನಾವು ಪೇಟಿ ಒಳಗ ಒಂದು ಅಂಗಡ್ಯಾಗ ತಗೊಂಡ್ವಿ, ಸರ್ಕಾರಿ ಚಾನೆಲ್ ಯಾವತ್ತೂ ಫ್ರೀ ಅಂದಿದ್ದ ಅವ, ತಿಂಗ್ಳು ಪ್ಯಾಕ್ ಮುಗೀತು ನೋಡ್ರಿ, ಅದೂ ಕರ್ರಗಾತು. ಹೋಗಿ ಕೇಳಿದ್ರ ನಗತಾನ. ಇದ್ರಾಗ ಚಾನೆಲ್‌ದವ್ರ ತಪ್ಪೇನಿಲ್ಲ ಬಿಡ್ರಿ, ಅದಕ್ಕ ಸ್ಟಾರ್ ಕಟ್ ಮಾಡಿಲ್ಲ.

ನಂಗ ಭಾಳ ಸೇರಿದ್ದು ರಾತ್ರಿ ನ್ಯೂಸ್. ನಮ್ ಎಂಟು ಗಂಟಿಗೆ ಅವ್ರದು "ಸಾ ಮ್ಬಿಲಿ", ಅಂದ್ರ ಎರಡು ಗಂಟಿ! ಸ್ವಾಹಿಲಿ ಲೆಕ್ಕದಾಗ ಹೊತ್ತು ಮುಣುಗಿದ ಮ್ಯಾಲ ಹೊಸ ಎಣಿಕಿ ಶುರು ಆಗತೈತಿ. ಮೊದಲ್ನೇ ವಾರ ನಾ ಎರಡಕ್ಕ ಅಲಾರಾಂ ಇಟ್ಟು ಎದ್ದೀನಿ, ನಗಬ್ಯಾಡ್ರಿ. ನ್ಯೂಸಿಗೆ ತಾರಿಫಾ ಯಾ ಹಬಾರಿ ಅಂತಾರ, ಹಬಾರಿ ಅಂದ್ರ ನಮ್ ಖಬರ್ರಿ ಮತ್ತ, ಎರಡೂ ಅರಬಿಯಿಂದ ಬಂದಾವ. ಗಾರಿ ಅಂದ್ರ ಗಾಡಿ, ದುಕಾ ಅಂದ್ರ ದುಕಾನ, ಸೆರಿಕಾಲಿ ಅಂದ್ರ ಸರ್ಕಾರ. ಆರು ತಿಂಗ್ಳದಾಗ ಅರ್ಧ ನ್ಯೂಸ್ ತಿಳ್ಯಾಕ ಹತ್ತಿತು, ಸರ್ಕಾರಿ ಟಿವಿ ಅಲ್ರಿ, ಸೆರಿಕಾಲಿ ಅನ್ನೂ ಮಾತು ಕಿವಿಗೆ ಬಿದ್ದು ಬಿದ್ದು ಬಾಯಿಪಾಠ ಆಗಿತ್ತು. ಓದೂ ಸ್ಪೀಡು ನಿಧಾನ, ಯಾರೂ ಒದರಾಡಂಗಿಲ್ಲ, ಬ್ರೇಕಿಂಗ್ ಅಂತ ಕೆಂಪು ಪಟ್ಟಿ ಕುಣಿಯಂಗಿಲ್ಲ. ನಮ್ ಪ್ರೈವೇಟ್ ಚಾನೆಲ್ ನೋಡಿ ತಲಿ ಕೆಟ್ಟವ್ರಿಗೆ ಇದು ಔಷಧ.

ಸ್ಟಾರ್ ಕಟ್ ಆಗಿದ್ದು ಬುಂಗೆ ವಿಷ್ಯಕ್ಕ. ಬುಂಗೆ ಅಂದ್ರ ಅವ್ರ ಪಾರ್ಲಿಮೆಂಟು. 2016 ಜನವರಿ ತನಕ ಲೈವ್ ಬರ್ತಿತ್ತು, ಮಗುಫುಲಿ ಅಧ್ಯಕ್ಷ ಆಗಿ ಮೂರೇ ತಿಂಗ್ಳಿಗೆ ನಿಲ್ಲಿಸಿಬಿಟ್ರು. ಮಾಹಿತಿ ಮಂತ್ರಿ ಹೇಳಿದ್ದೇನು, ವರ್ಷಕ್ಕ 420 ಕೋಟಿ ಶಿಲ್ಲಿಂಗ್ ಖರ್ಚು, ಹಗಲೊತ್ತು ಮಂದಿ ಕೆಲಸಕ್ಕ ಹೋಗಿರ್ತಾರ, ರಾತ್ರಿ ರೆಕಾರ್ಡಿಂಗ್ ಹಾಕ್ತೀವಿ ಅಂತ. ಪಾರ್ಲಿಮೆಂಟ್ ಇರೂ ದೊಡೋಮಾ ಊರಾಗ ವಿರೋಧ ಪಕ್ಷದವ್ರು ಗದ್ದಲ ಹಾಕಿದ್ರು, ಸದನದೊಳಗ ಪೊಲೀಸರೇ ಬಂದ್ರು. ರೊಕ್ಕ ಇಲ್ಲ ಅನ್ನೂದು ಒಪ್ಪಬೌದು, ಬಡ ದೇಶ, ಆದ್ರ ಉಳಿತಾಯ ಮಾಡಾಕ ಮೊದ್ಲು ಕೈಗೆ ಸಿಕ್ಕಿದ್ದು ವಿರೋಧ ಪಕ್ಷದವ್ರ ಮೈಕೇನಾ? ನಮ್ದು ಸಂಸದ್ ಟಿವಿ ಯಾರೂ ನೋಡಂಗಿಲ್ಲ, ಖರೇ, ಆದ್ರ ನೋಡ್ಬೇಕಂದ್ರ ಐತಲ್ಲ.

ಇನ್ನೊಂದು ಸ್ಟಾರು ಯಾಕ್ ಹೋತಂದ್ರ, ಡಿಜಿಟಲ್ ಜಾಲಕ್ಕ ಚೀನಾದ ಸ್ಟಾರ್‌ಟೈಮ್ಸ್ ಕಂಪ್ನಿ ಜೋಡಿ ಪಾಲುದಾರಿಕಿ ಮಾಡ್ಯಾರ, ಟಿಬಿಸಿ ಪಾಲು ನೂರಕ್ಕ 35 ಅಷ್ಟ. ಝಾಂಬಿಯಾದಾಗೂ ಇದೇ ನಮೂನಿ, ಅಲ್ಲಿ ಸರ್ಕಾರಿ ಟಿವಿ ಝಡ್‌ಎನ್‌ಬಿಸಿದು 40. ಬೇರೆಯವ್ರ ತಂತಿ ಮ್ಯಾಲ ನಮ್ ಬಟ್ಟಿ ಒಣಗ ಹಾಕಿದಂಗ.

ಇದನ್ನ ನಮ್ಮಪ್ಪಗ ಹೇಳಿದ್ರ "ನಮಗೂ ಹಂಗ ಬಂದಿದ್ದಲ್ಲೋ" ಅಂದ. 1975ರ ಆಗಸ್ಟ್‌ನಾಗ ಸೈಟ್ (SITE) ಅನ್ನೂ ಸ್ಯಾಟಲೈಟ್ ಟಿವಿ ಪ್ರಯೋಗ ಅಂತ 2400 ಹಳ್ಳಿಗೆ ಟಿವಿ ಕೊಟ್ರಲ್ಲ, ಅದ್ರಾಗ ರಾಯಚೂರು ಜಿಲ್ಲಾನೂ ಇತ್ತು, ಆಗ ಕೊಪ್ಪಳ ರಾಯಚೂರಿಗೇ ಸೇರಿದ್ದು. ಸ್ಯಾಟಲೈಟು ಅಮೆರಿಕದ ನಾಸಾದ್ದು. ಸಾಲಿ ಮುಂದ ಕೋಳಿ ಜಾಳಿಗಿದು ಹತ್ತು ಫೂಟಿನ ಛತ್ರಿ, ಊರು ಪೂರಾ ನೆಲದ ಮ್ಯಾಲ ಕುಂತು ಒಕ್ಕಲುತನದ ಕಾರ್ಯಕ್ರಮ ನೋಡ್ತಿದ್ರಂತ. ಒಂದು ವರ್ಷಕ್ಕ ಕರಾರು ಮುಗೀತು, ಸ್ಯಾಟಲೈಟ್ ವಾಪಸ್. ಅವಾಗ ತಾಂಜಾನಿಯಾದ ದೊಡ್ಡ ನೆಲದಾಗ ಟಿವಿನೇ ಇರ್ಲಿಲ್ಲ, 1994ಕ್ಕ ಬಂತು, ಅದೂ ಪ್ರೈವೇಟಿನವ್ರದು ಮೊದ್ಲು. ಝಾಂಜಿಬಾರ್ ದ್ವೀಪದಾಗ ಮಾತ್ರ ಎಪ್ಪತ್ತರ ದಶಕದಾಗ ಕಲರ್ ಟಿವಿ! ನಮ್ಗ ಕಲರ್ 1982ಕ್ಕ.

ಸ್ವಾಹಿಲಿ ಕಲೀಬೇಕು ಅನ್ನವ್ರು, ಆ ಕಡೆ ಕೆಲಸಕ್ಕ ಹೊಂಟವ್ರು ಈಗಿಂದನ ನೋಡಾಕ ಶುರು ಮಾಡ್ರಿ, ಫೋನ್‌ನ್ಯಾಗ ಪುಕ್ಕಟ ಐತಿ. ಕಿಂಗಮೂಜಿ ನಾ ಬರುವಾಗ ಬ್ಯಾಗಿನ್ಯಾಗ ಹಾಕ್ಕೊಂಡ್ ಬಂದೆ, ಇಲ್ಲಿ ಡಿಶ್ ಹುಡುಗ ತಿರುವಿ ಮುರುವಿ ನೋಡಿ "ಅಣ್ಣ ಇದು ಇಲ್ಲಿ ನಡಿಯಂಗಿಲ್ಲ" ಅಂದ. ಈಗ ಅದ್ರ ಮ್ಯಾಲ ಮಗಳು ಮೊಬೈಲ್ ಒರಗಿಸಿ ಕಾರ್ಟೂನ್ ನೋಡ್ತಾಳ.