ಫ್ರಿಜ್ಜಿಗೆ 134ಎ ವಾಸಿಯೋ, 600ಎ ವಾಸಿಯೋ? ಎರಡನ್ನೂ ಓಡಿಸಿ ನೋಡಿದ್ದು

ದಾವಣಗೆರೆಯಲ್ಲಿ ಫ್ರಿಜ್ ರಿಪೇರಿ ಮಾಡುವ ನನ್ನನ್ನು ಗಿರಾಕಿಗಳು ಪದೇಪದೇ ಕೇಳುವುದು ಇದನ್ನೇ: "ಹೊಸ ಫ್ರಿಜ್‌ನಾಗೆ ಉರಿಯೋ ಗ್ಯಾಸ್ ಇರ್ತದಂತಲ್ಲಣ್ಣ, ಹಳೇದೇ ವಾಸಿನಾ?" ಈ ಬೇಸಿಗೆಯಲ್ಲಿ ಹೆಚ್ಚುಕಡಿಮೆ ಒಂದೇ ಅಳತೆಯ ಎರಡು ಸಿಂಗಲ್ ಡೋರ್ ಫ್ರಿಜ್‌ಗಳು ಅಂಗಡಿಗೆ ಬಂದವು. ಒಂದರಲ್ಲಿ ತಂಪು ಮಾಡುವ ಗ್ಯಾಸ್ ಹಳೆಯ ಆರ್-134ಎ, ಇನ್ನೊಂದರಲ್ಲಿ ಗಿರಾಕಿಗಳು ಹೆದರುವ ಆ ಉರಿಯುವ ಗ್ಯಾಸ್, ಆರ್-600ಎ. ಎರಡಕ್ಕೂ ನಾನೇ ಗ್ಯಾಸ್ ತುಂಬಿ, ವಾರವಿಡೀ ಅಕ್ಕಪಕ್ಕ ಇಟ್ಟು ಓಡಿಸಿದೆ.

134ಎ ಅಂದರೆ ಟೆಟ್ರಾಫ್ಲೋರೋಈಥೇನ್. ಮೈನಸ್ 26 ಡಿಗ್ರಿಗೆ ಕುದಿಯುತ್ತದೆ, ಬೆಂಕಿ ಹತ್ತುವುದಿಲ್ಲ. ಓಝೋನ್ ಪದರ ಹಾಳುಮಾಡುತ್ತಿದ್ದ ಹಿಂದಿನ ಫ್ರಿಜ್ ಗ್ಯಾಸ್ ಆರ್-12ರ ಜಾಗಕ್ಕೆ ಬಂದದ್ದು. ಕ್ಲೋರಿನ್ ಇಲ್ಲದ್ದರಿಂದ ಓಝೋನ್‌ಗೆ ಇದರಿಂದ ಅಪಾಯವಿಲ್ಲ. ಕಾರಿನ ಏಸಿ, ದೊಡ್ಡ ಕಟ್ಟಡಗಳನ್ನು ತಂಪು ಮಾಡುವ ಚಿಲ್ಲರ್ ಯಂತ್ರ, ಅಷ್ಟೇ ಏಕೆ, ಆಸ್ತಮಾ ಇನ್‌ಹೇಲರ್‌ನಲ್ಲಿ ಔಷಧಿ ಚಿಮ್ಮಿಸುವುದಕ್ಕೂ ಇದನ್ನು ಬಳಸುತ್ತಾರೆ. 600ಎ ಎಂದರೆ ಐಸೋಬ್ಯೂಟೇನ್, ಅಡುಗೆ ಗ್ಯಾಸಿನ ಕುಲದ್ದು. ಕುದಿಯುವುದು ಮೈನಸ್ 12 ಡಿಗ್ರಿಯ ಆಸುಪಾಸು.

ಕುದಿಯುವ ಈ ಅಂತರವೇ ನಮ್ಮ ಕೆಲಸದ ರೀತಿಯನ್ನು ಬದಲಿಸಿಬಿಡುತ್ತದೆ. 134ಎ ಫ್ರಿಜ್ ಓಡುವಾಗ ಬ್ಯಾಕ್ ಪ್ರೆಶರ್, ಅಂದರೆ ಕಂಪ್ರೆಸರ್‌ಗೆ ವಾಪಸು ಬರುವ ಗ್ಯಾಸಿನ ಒತ್ತಡ, ಗೇಜಿನ ಸೊನ್ನೆಗಿಂತ (ಹೊರಗಿನ ಗಾಳಿಯ ಒತ್ತಡಕ್ಕಿಂತ) ತುಸು ಮೇಲೆ ನಿಲ್ಲುತ್ತದೆ. 600ಎಯಲ್ಲಿ ಗೇಜ್ ಮುಳ್ಳು ಸೊನ್ನೆಗಿಂತ ಕೆಳಗೆ, ವ್ಯಾಕ್ಯೂಮ್ ಕಡೆಗೆ ಇಳಿಯುತ್ತದೆ. ಹೊಸಬರು ಅದನ್ನು ನೋಡಿ ಗ್ಯಾಸ್ ಕಡಿಮೆಯಾಯಿತೆಂದು ಇನ್ನಷ್ಟು ತುಂಬಿ ಕೆಡಿಸುತ್ತಾರೆ. ಆ ಕಡೆ ಲೀಕ್ ಇದ್ದರೆ ಗ್ಯಾಸ್ ಹೊರಗೆ ಬರುವುದಿಲ್ಲ, ಹೊರಗಿನ ಗಾಳಿಯೇ ಒಳಗೆ ಹೋಗುತ್ತದೆ. ಜೊತೆಗೆ ತೇವವೂ ಹೋಗಿ ಕ್ಯಾಪಿಲರಿ ಎಂಬ ಕೂದಲಿನಂಥ ಸಣ್ಣ ಕೊಳವೆಯಲ್ಲಿ ಮಂಜುಗಟ್ಟಿ ಚೋಕ್ ಆಗುತ್ತದೆ. ಓಡುತ್ತಿರುವಾಗ ಸೋಪು ನೀರು ಹಚ್ಚಿದರೆ ಗುಳ್ಳೆ ಬರುವುದೇ ಇಲ್ಲ. ಗ್ಯಾಸ್ ತೆಗೆದು ನೈಟ್ರೋಜನ್ ತುಂಬಿ ನೋಡಬೇಕು. ಲೀಕ್ ಹುಡುಕುವ ವಿಷಯದಲ್ಲಿ 134ಎ ಎಷ್ಟೋ ಸುಲಭ. ಆದರೆ ಅದರ ಕಂಪ್ರೆಸರ್‌ಗೆ ಹಾಕುವ ಪಿಒಇ ಎಂಬ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಕಂಪ್ರೆಸರ್‌ನ ಬೂಚು ತೆಗೆದಿಟ್ಟು ಊಟಕ್ಕೆ ಹೋಗುವಂತಿಲ್ಲ.

ತುಂಬುವ ಅಳತೆಯೂ ಬೇರೆ. ನನ್ನ 134ಎ ಫ್ರಿಜ್‌ಗೆ 100 ಗ್ರಾಂ ಹಿಡಿಯಿತು, 600ಎಗೆ 45. ಮೊದಲೆಲ್ಲ ಕಂಪ್ರೆಸರ್‌ಗೆ ಗ್ಯಾಸ್ ವಾಪಸು ತರುವ ರಿಟರ್ನ್ ಪೈಪಿನ ಬೆವರು ನೋಡಿ ಗ್ಯಾಸ್ ನಿಲ್ಲಿಸುತ್ತಿದ್ದೆ, 134ಎಯಲ್ಲಿ ಅದು ನಡೆದುಹೋಗುತ್ತಿತ್ತು. 45 ಗ್ರಾಮಿನಲ್ಲಿ 5 ಗ್ರಾಂ ತಪ್ಪಿದರೆ ನೂರಕ್ಕೆ ಹನ್ನೊಂದು ತಪ್ಪಿದ ಹಾಗೆ. ಒಂದೊಂದು ಗ್ರಾಂ ತೋರಿಸುವ ತಕ್ಕಡಿ ಇಲ್ಲದೆ ನಾನೀಗ 600ಎ ಮುಟ್ಟುವುದಿಲ್ಲ.

ತಂಪಿನಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿದಾಗ 134ಎ ಫ್ರಿಜ್ 0.9 ಆಂಪಿಯರ್ ಎಳೆಯುತ್ತಿತ್ತು, 600ಎ ಫ್ರಿಜ್ 0.6. ಎಲ್ಲವೂ ಗ್ಯಾಸಿನದೇ ಗುಣ ಎನ್ನಲಾರೆ, ಕಂಪ್ರೆಸರ್‌ಗಳೇ ಬೇರೆಬೇರೆ. ಸದ್ದು ಮಾತ್ರ 600ಎಯದ್ದು ನಿಜಕ್ಕೂ ಕಡಿಮೆ.

ಇನ್ನು ಬೆಂಕಿಯ ಮಾತು. 600ಎ ಫ್ರಿಜ್ಜಿನ ಯಜಮಾನಿ ಅಜ್ಜಿ, "ಏನಪ್ಪಾ ತಮ್ಮಾ, ಫ್ರಿಜ್ ಒಳಗೂ ಸಿಲಿಂಡರ್ ಇಟ್ಟಾರೇನು?" ಎಂದು ಗಾಬರಿಯಾಗಿದ್ದರು. "ನಿಮ್ಮ ಅಡುಗೆಮನೆಯ ಸಿಲಿಂಡರ್‌ನಲ್ಲಿ 14.2 ಕೆಜಿ ಇರ್ತದಜ್ಜಿ, ಇದರಲ್ಲಿ ಐವತ್ತು ಗ್ರಾಂ ಕೂಡ ಇಲ್ಲ" ಎಂದೆ. ಮನೆಯವರು ಹೆದರಬೇಕಿಲ್ಲ, ಹುಷಾರಾಗಿರಬೇಕಾದವರು ನಾವು. ಅಡುಗೆ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ, ಫ್ರಿಜ್ಜಿನ ಗ್ಯಾಸಿಗೆ ಬೆರೆಸಿರುವುದಿಲ್ಲ. ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲೇ ಕೂರುತ್ತದೆ. ಕಿಟಕಿ ಬಾಗಿಲು ತೆಗೆದು, ಪೈಪ್ ಹಾಕಿ ಗ್ಯಾಸನ್ನು ಬಯಲಿಗೆ ಬಿಟ್ಟು, ನೈಟ್ರೋಜನ್ ಹಾಯಿಸಿದ ಮೇಲೇ ಪೈಪ್ ಬೆಸೆಯುವ ಬ್ರೇಜಿಂಗ್ ಟಾರ್ಚ್ ಹಚ್ಚಬೇಕು.

ಹಾಗಿದ್ದರೂ ಹೊಸದಾಗಿ ಕೊಳ್ಳುವವರಿಗೆ ನಾನು 600ಎ ಫ್ರಿಜ್ಜನ್ನೇ ಹೇಳುತ್ತೇನೆ. 134ಎ ಭೂಮಿಯನ್ನು ಕಾಯಿಸುವ ಶಕ್ತಿ ಇಂಗಾಲದ ಡೈಆಕ್ಸೈಡಿನ 1430 ಪಟ್ಟು. ಅಂದರೆ ಆ 100 ಗ್ರಾಂ ಗಾಳಿಗೆ ಹೋದರೆ 143 ಕೆಜಿ ಡೈಆಕ್ಸೈಡ್ ಬಿಟ್ಟಂತೆ. ಇದು ತಿಳಿಯುವ ಮೊದಲು ಎಷ್ಟು ಫ್ರಿಜ್‌ಗಳ ಗ್ಯಾಸನ್ನು ಸುಮ್ಮನೆ ಬಿಟ್ಟೆನೋ ಎಂದು ಈಗ ಸಂಕಟವಾಗುತ್ತದೆ. ಈಗ 134ಎಯನ್ನು ಗಾಳಿಗೆ ಬಿಡದೆ ರಿಕವರಿ ಸಿಲಿಂಡರ್‌ಗೆ ಎಳೆದುಕೊಳ್ಳುತ್ತೇನೆ. ಇಂಥ ಗ್ಯಾಸುಗಳನ್ನು ಕಡಿಮೆ ಮಾಡುವ ಅಂತರರಾಷ್ಟ್ರೀಯ ಕಿಗಾಲಿ ಒಪ್ಪಂದಕ್ಕೆ ಭಾರತ 2021ರಲ್ಲಿ ಸೇರಿದೆ. 2032ರಿಂದ ಅವುಗಳ ಬಳಕೆ ಹಂತಹಂತವಾಗಿ ಇಳಿದು, 2047ಕ್ಕೆ ಶೇ 85ರಷ್ಟು ಕಡಿತವಾಗಬೇಕು.

ಚೆನ್ನಾಗಿ ಓಡುತ್ತಿರುವ 134ಎ ಫ್ರಿಜ್ಜನ್ನು ಮಾತ್ರ ಎಸೆಯಬೇಡಿ, ಅದಕ್ಕೆ 600ಎ ಹಾಕಿಸಲೂಬೇಡಿ. ಅದರ ಕಂಪ್ರೆಸರ್‌ಗೆ ಸಾಕಷ್ಟು ಗ್ಯಾಸ್ ಎಳೆಯಲಾಗುವುದಿಲ್ಲ, ರಿಲೇ ಮತ್ತು ಸ್ವಿಚ್‌ನ ಕಿಡಿಗೆ ತಡೆಯೂ ಇರುವುದಿಲ್ಲ. ಅದಲುಬದಲಾದರೆ ಇನ್ನೂ ಕಷ್ಟ. ಹೋದ ತಿಂಗಳು ಬಂದ ಒಂದು 600ಎ ಫ್ರಿಜ್‌ಗೆ ಯಾರೋ 134ಎ ತುಂಬಿದ್ದರು. ಅದರ ಮಿನರಲ್ ಎಣ್ಣೆ ಈ ಗ್ಯಾಸಿನೊಂದಿಗೆ ಬೆರೆಯದೆ ಪೈಪಿನಲ್ಲೇ ಉಳಿದು, ಭಾರ ಹೆಚ್ಚಾಗಿ ಕಂಪ್ರೆಸರ್ ಸುಟ್ಟಿತ್ತು. ಹೊಸ ಕಂಪ್ರೆಸರ್, ತೇವ ಹೀರುವ ಹೊಸ ಡ್ರೈಯರ್ ಹಾಕಿ, ಪೈಪ್ ಲೈನನ್ನೆಲ್ಲ ಫ್ಲಶ್ ಮಾಡಿ, ಲೇಬಲ್‌ನಲ್ಲಿದ್ದ 42 ಗ್ರಾಂ 600ಎ ತೂಗಿ ತುಂಬಿ ಕಳಿಸಿದೆ.