ನ್ಯೂಪೋರ್ಟೋ ವಿನಿಪೆಗ್ಗೋ?

ಬಾಸ್ಟನ್ನಿನಲ್ಲಿರುವ ಗೆಳತಿ ಕೇಳಿದ್ದಾಳೆ: ಹಳೆಯ ಕಾಲೇಜು ಬಳಗ ಜುಲೈನಲ್ಲಿ ಒಂದೇ ಒಂದು ಜಾನಪದ ಸಂಗೀತ ಉತ್ಸವಕ್ಕೆ ಹೋಗುವುದಾದರೆ ಯಾವುದಕ್ಕೆ?

ಮೊದಲು ಟಿಕೆಟ್. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟ್ ಉತ್ಸವ 1959ರಲ್ಲಿ ಆರಂಭವಾದದ್ದು. ನಡೆಯುವುದು ಕಡಲಂಚಿನ ಫೋರ್ಟ್ ಆಡಮ್ಸ್ ಕೋಟೆಯ ಆವರಣದಲ್ಲಿ. ಯಾರು ಹಾಡುತ್ತಾರೆಂದು ಪ್ರಕಟವಾಗುವ ಮೊದಲೇ ಟಿಕೆಟ್ ಖಾಲಿಯಾಗುವುದುಂಟು. ನಿಮ್ಮಲ್ಲಿ ಒಬ್ಬರು ತಡಮಾಡಿದರೂ ಅವರು ಹೊರಗುಳಿದಂತೆಯೇ. ಕೆನಡಾದ ವಿನಿಪೆಗ್ ಉತ್ಸವಕ್ಕಾದರೆ ವಿಮಾನದ ಖರ್ಚಿದೆ. ಭಾರತದ ಪಾಸ್‌ಪೋರ್ಟ್ ಇದ್ದವರು ವೀಸಾವನ್ನೂ ವಿಚಾರಿಸಬೇಕು.

ವಸತಿಯಲ್ಲಿ ಮಾತ್ರ ಇವೆರಡಕ್ಕೂ ಅಜಗಜಾಂತರ. ನ್ಯೂಪೋರ್ಟಿನಲ್ಲಿ ಸಂಜೆಗೇ ಹಾಡು ಮುಗಿಯುತ್ತದೆ, ಕೋಟೆಯಲ್ಲಿ ತಂಗುವಂತಿಲ್ಲ. ಹೋಟೆಲ್ ದರವೋ ಜುಲೈನಲ್ಲಿ ಕೈ ಸುಡುತ್ತದೆ. ವಿನಿಪೆಗ್ ಉತ್ಸವ 1974ರಿಂದಲೂ ಊರಾಚೆಯ ಬರ್ಡ್ಸ್ ಹಿಲ್ ಉದ್ಯಾನದಲ್ಲಿದೆ. ಬೆಳಿಗ್ಗೆ ವೇದಿಕೆಯ ಮುಂದೆ ಟಾರ್ಪಾಲು ಹಾಸಿ ಜಾಗ ಹಿಡಿಯುತ್ತಾರೆ. ರಾತ್ರಿ ಉದ್ಯಾನದಲ್ಲೇ ತಂಗುವವರ ಡೇರೆಗಳ ನಡುವೆ ಗಿಟಾರು, ಪಿಟೀಲು, ಗುರುತಿಲ್ಲದವರ ಕೊರಳು. ನಿದ್ದೆ ಬೇಕೆನ್ನುವವರಿಗೆ ಬೇರೆಯೇ ಶಾಂತ ಬಿಡಾರವಿದೆ. ಸ್ನೇಹ ಮತ್ತೆ ಕುದುರುವುದು ಇಂಥ ರಾತ್ರಿಗಳಲ್ಲೇ ಎಂದು ನಾನು ನಂಬುತ್ತೇನೆ.

ಸಂಗೀತದಲ್ಲಿ ನ್ಯೂಪೋರ್ಟಿಗೆ ಚರಿತ್ರೆಯ ಭಾರವಿದೆ: 1965ರಲ್ಲಿ ಜಾನಪದ ಗಾಯಕನೆಂದೇ ಹೆಸರಾಗಿದ್ದ ಬಾಬ್ ಡೈಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ನಿಂತು ಸಂಪ್ರದಾಯಪ್ರಿಯರನ್ನು ಕೆರಳಿಸಿದ್ದು ಇದೇ ಉತ್ಸವದಲ್ಲಿ. ವಿನಿಪೆಗ್ಗಿನಲ್ಲಿ ಹಗಲಿನ ಸಣ್ಣ ವೇದಿಕೆಗಳೇ ಸೊಗಸು; ಬೇರೆ ಬೇರೆ ತಂಡದವರು ಒಟ್ಟಿಗೆ ಕುಳಿತು ಒಬ್ಬರ ಹಾಡಿಗೆ ಇನ್ನೊಬ್ಬರು ದನಿಗೂಡಿಸುತ್ತಾರೆ.

ಶನಿವಾರ, ಭಾನುವಾರ ಮಾತ್ರ ಬಿಡುವಿದ್ದರೆ, ಮಕ್ಕಳಿಗೆ ಹಾಸಿಗೆಯೇ ಬೇಕಿದ್ದರೆ ನ್ಯೂಪೋರ್ಟ್. ನಾಲ್ಕು ದಿನ ರಜೆ ಸಿಕ್ಕು ಎಲ್ಲರೂ ಡೇರೆಗೆ ಒಪ್ಪಿದರೆ ವಿನಿಪೆಗ್. ಸೊಳ್ಳೆಗೆ ಹಚ್ಚುವ ಮುಲಾಮು ಮರೆಯಬೇಡ.