ಪ್ರಾಗ್ ಟ್ರಿಪ್ ಬುಕ್ ಮಾಡ್ಕೊಟ್ಟ ಸರಸ್ವತಿಪುರಂ ಟ್ರಾವೆಲ್ಸ್: ಧಾರಾಳವಾಗಿ ಹೋಗ್ಬೋದು

ಏಪ್ರಿಲ್ ಕೊನೇಲಿ ಚೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಹೊರಟಿದೀವಿ, ನಾನು, ನಮ್ಮನೆಯವ್ರು, ಅಮ್ಮ. ಟಿಕೆಟ್ಟು, ವೀಸಾ, ಹೋಟೆಲ್ಲು ಎಲ್ಲಾ ಮಾಡ್ಕೊಟ್ಟಿದ್ದು ಮೈಸೂರು ಸರಸ್ವತಿಪುರಂನಲ್ಲಿರೋ ಒಂದು ಚಿಕ್ಕ ಟ್ರಾವೆಲ್ಸ್ ಆಫೀಸು. ಹೋಗ್ಬಂದ್ಮೇಲೆ ಬರೆಯೋಣ ಅಂತಿದ್ದೆ, ಆದ್ರೆ ಬೇಸಿಗೆ ರಜಕ್ಕೆ ಪ್ಲಾನ್ ಮಾಡೋರಿಗೆ ಈಗ್ಲೇ ಬೇಕಲ್ವಾ.

ಬೇರೆ ಕಡೆ ವಿಚಾರಿಸಿದಾಗೆಲ್ಲ ದಿನಕ್ಕೊಂದು ಊರು ಸುತ್ಸೋ ಪ್ಯಾಕೇಜೇ ಮುಂದಿಡ್ತಿದ್ರು, ಸೂಟ್‌ಕೇಸ್ ಬಿಚ್ಚೋದು ಕಟ್ಟೋದ್ರಲ್ಲೇ ಅರ್ಧ ರಜ ಮುಗ್ದೋಗತ್ತೆ. ಇಲ್ಲಿನ ಮೇಡಂ ಮಾತ್ರ "ಅಮ್ಮಂಗೆ ಮಂಡಿನೋವು ಅಂತೀರ, ಒಂದೇ ಊರಲ್ಲಿದ್ದು ನಿಧಾನಕ್ಕೆ ನೋಡಿ" ಅಂದ್ರು. ಅವ್ರಿಗೆ ಬರೋ ದುಡ್ಡು ಕಮ್ಮಿ ಆದ್ರೂ ಹಂಗೆ ಹೇಳಿದ್ರಲ್ಲ, ಅಲ್ಲೇ ನಂಬಿಕೆ ಬಂತು.

ಆಮೇಲೆ ಮ್ಯಾಪ್ ಪ್ರಿಂಟ್ ತೆಗ್ದು ಟೇಬಲ್ ಮೇಲೆ ಹರಡಿ ಹಸಿರು ಸ್ಕೆಚ್ ಪೆನ್ನಲ್ಲಿ ಗೆರೆ ಎಳೀತಾ ಹೋದ್ರು: 22ನೇ ನಂಬರ್ ಟ್ರಾಮ್ ಹತ್ತಿದ್ರೆ ಕೋಟೆ ಹತ್ರಾನೇ ಇಳಿಬೋದು, ಗುಡ್ಡ ಹತ್ತೋ ಕಷ್ಟ ಇಲ್ಲ, ನೋಡ್ಕೊಂಡು ನಿಧಾನಕ್ಕೆ ಇಳಿಜಾರಲ್ಲಿ ನಡ್ಕೊಂಡ್ ಬಂದ್ರೆ ಚಾರ್ಲ್ಸ್ ಸೇತುವೆ ಸಿಗತ್ತೆ. ಆ ಸೇತುವೆಗೆ ಅಡಿಗಲ್ಲು ಹಾಕಿದ್ದು 1357ರಲ್ಲಿ, ಎರಡೂ ಕಡೆ ಸೇರಿ 30 ವಿಗ್ರಹ, ಈಗ ಅದ್ರ ಮೇಲೆ ಗಾಡಿ ಬಿಡಲ್ಲ. ಬೆಳಗ್ಗೆ ಬೇಗ ಹೋದ್ರೆ ಜನ ಕಮ್ಮಿ ಇರ್ತಾರೆ ಅಂದ್ರು. ಹಳೇ ಊರಿನ ಬೀದಿಗಳೆಲ್ಲ ಕಲ್ಲು ಹಾಸಿರೋದು, ಅಮ್ಮಂಗೆ ದಪ್ಪ ಅಡಿ ಇರೋ ಶೂನೇ ಬೇಕು, ಈಗಿಂದ್ಲೇ ಹಾಕ್ಕೊಂಡು ರೂಢಿ ಮಾಡ್ಸಿ ಅಂತಾನೂ ಹೇಳಿದ್ರು. ಈಗ ಅಮ್ಮ ದಿನಾ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಅದೇ ಶೂ ಹಾಕ್ಕೊಂಡು ವಾಕಿಂಗ್!

ಅಮ್ಮ ಹೈಸ್ಕೂಲಲ್ಲಿ ಸಮಾಜ ಪಾಠ ಮಾಡ್ತಿದ್ದೋರು. ಕೋಟೆ ಒಳಗಿರೋ, 1344ರಲ್ಲಿ ಶುರುವಾದ ಸೇಂಟ್ ವೈಟಸ್ ಚರ್ಚು ಮುಗಿದಿದ್ದು 1929ರಲ್ಲಿ ಅಂತ ಓದಿ, ಅಷ್ಟು ತಲೆಮಾರಿನ ಕೆಲ್ಸ ಕಣ್ಣಲ್ಲಿ ನೋಡ್ಲೇಬೇಕು ಅಂತಿದಾರೆ. ನನಗೆ ಹಳೇ ಊರಲ್ಲಿರೋ 1410ರ ಖಗೋಳ ಗಡಿಯಾರ ನೋಡೋ ಆಸೆ, ಗಂಟೆ ಹೊಡೆದಾಗ ಮೇಲಿನ ಕಿಟಕೀಲಿ ಏಸುವಿನ ಶಿಷ್ಯರ ಬೊಂಬೆಗಳು ಒಂದೊಂದಾಗಿ ಬಂದು ಹೋಗತ್ವಂತೆ. ಪೆಟ್ರೀನ್ ಗುಡ್ಡದಲ್ಲಿ ಹಣ್ಣಿನ ಮರಗಳು ಹೂ ಬಿಡೋ ಕಾಲಾನೂ ಅದೇ. ರಾತ್ರಿ ಚಳಿ ಜೋರಿರತ್ತೆ, ಸ್ವೆಟರ್ ಮರೀಬೇಡಿ.

ವೀಸಾ ಕೆಲ್ಸ ಅಚ್ಚುಕಟ್ಟು. ಶೆಂಗನ್ ವೀಸಾಗೆ (ಯೂರೋಪಿನ ಸುಮಾರು ದೇಶಗಳಿಗೆ ಸೇರಿ ಒಂದೇ ವೀಸಾ) ಹೊರಡೋ ದಿನಕ್ಕೆ 6 ತಿಂಗಳು ಮುಂಚಿಂದ್ಲೇ ಅರ್ಜಿ ಹಾಕ್ಬೋದು, ಕಮ್ಮಿ ಅಂದ್ರೆ 30,000 ಯೂರೋ ಕವರ್ ಇರೋ ಇನ್ಶೂರೆನ್ಸ್ ಬೇಕೇ ಬೇಕು. ಪ್ರಾಗಲ್ಲಿ ನಡೆಯೋ ದುಡ್ಡು ಕೊರುನಾ, ಯೂರೋ ಅಲ್ಲ, ಬೀದೀಲಿ ನಿಂತು ದುಡ್ಡು ಬದ್ಲಾಯಿಸಿ ಕೊಡ್ತೀನಿ ಅನ್ನೋರ ಹತ್ರ ಹೋಗ್ಬೇಡಿ ಅಂತ ಎರಡೆರಡು ಸಲ ಎಚ್ಚರಿಸಿದ್ರು.

ಬೇಜಾರಾಗಿದ್ದು ಅಂದ್ರೆ ವಾಟ್ಸಾಪ್‌ಗೆ ರಿಪ್ಲೈ ತುಂಬಾ ಲೇಟು, ಮತ್ತೆ ಬೇಕಾದ ಪೇಪರ್‌ಗಳ್ನ ಒಂದೇ ಸಲ ಹೇಳ್ದೆ ಒಂದೊಂದಾಗಿ ಕೇಳಿದ್ರು, ಬ್ಯಾಂಕ್ ಸ್ಟೇಟ್‌ಮೆಂಟಿಗೆ ಸೀಲ್ ಹಾಕಿಸ್ಕೊಂಡ್ ಬರೋಕೆ ಮತ್ತೆ ಓಡಬೇಕಾಯ್ತು. ಸರ್ವಿಸ್ ಚಾರ್ಜ್ ಮಾತ್ರ ಮೊದ್ಲೇ ಬರ್ದು ಕೊಟ್ರು, ಆಮೇಲೆ ಒಂದು ರೂಪಾಯಿ ಜಾಸ್ತಿ ಕೇಳ್ಲಿಲ್ಲ. ಫೋನಲ್ಲಿ ಮಾತಾಡಿ ಮುಗಿಸೋ ಬದ್ಲು ಬೆಳಗ್ಗೆ ಹೊತ್ತು ಖುದ್ದಾಗಿ ಹೋಗಿ, ಸಂಜೆ ರಶ್ಶಲ್ಲಿ ಕೂತ್ಕೊಂಡು ಮಾತಾಡೋಕೆ ಅವ್ರಿಗೆ ಪುರುಸೊತ್ತಿರಲ್ಲ.